ಕೋವಿ ಹೆಚ್ಚಿದರೆ ಕೊಲೆ ಹೆಚ್ಚುವುದೇ?

ಅಂಕೋಲೆಯಿಂದ ಯಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಗಂಗಾವಳಿ ನದಿಯ ಕಣಿವೆಯಲ್ಲಿ ಸುಂಕಸಾಳ ಸಿಗುತ್ತದೆ. ಈ ಭಾಗದಲ್ಲಿ ಗದ್ದೆ, ತೋಟಗಳ ಬೇಲಿ ಮುಗಿಯುವಲ್ಲಿಯೇ ಕಾಡು ಪ್ರಾರಂಭವಾಗುತ್ತದೆ. ರಾತ್ರಿ ಕಾಡುಹಂದಿಯ ಕಾಟ, ಹಗಲು ಮಂಗಗಳ ಕಾಟ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದು ಮನೆಯಲ್ಲೊಂದು ಕೋವಿ ಇಟ್ಟುಕೊಳ್ಳುವುದು ಉತ್ತರ ಕನ್ನಡದ ಇಂಥ ಊರುಗಳ ರೈತರಲ್ಲಿ ಹಿಂದಿನಿಂದ ಬಂದ ರೂಢಿ. ಚುನಾವಣೆ ಘೋಷಣೆಯಾದಾಗ ಆ ಕೋವಿಗಳನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಿಸುವುದು ಆಡಳಿತದ ವಾಡಿಕೆ. ನೀತಿ ಸಂಹಿತೆ ಹಂದಿಗೆ ತಿಳಿಯುವುದಿಲ್ಲವಲ್ಲ ಎಂಬುದು ರೈತರ ದೂರು. ಜನರ ನಡುವೆ ಆಯುಧ ಕಡಿಮೆಯಿದ್ದಷ್ಟೂ ಜೀವಕ್ಕೆ ಕ್ಷೇಮ ಎಂಬುದು ಆಡಳಿತದ ನಂಬಿಕೆ.

ಈ ನಂಬಿಕೆ ಎಷ್ಟರಮಟ್ಟಿಗೆ ನಿಜ? ಇದು ಒಂದು ತಾಲ್ಲೂಕಿನ ಪ್ರಶ್ನೆಯಲ್ಲ. ಒಂದು ದೇಶದ ಜನರ ಬಳಿ ಇರುವ ಕೋವಿಗಳ ಸಂಖ್ಯೆಗೂ ಆ ದೇಶದ ಕೊಲೆ ಪ್ರಮಾಣಕ್ಕೂ ಸಂಬಂಧವಿದೆಯೇ ಎಂದು ಸಂಶೋಧಕರು ಅರ್ಧ ಶತಮಾನಕ್ಕೂ ಮೇಲ್ಪಟ್ಟು ಹುಡುಕುತ್ತಿದ್ದಾರೆ. ಪ್ರಶ್ನೆ ರಾಜಕೀಯದ್ದಾಗಿ ಕಂಡರೂ ಉತ್ತರ ಹುಡುಕುವ ದಾರಿ ವಿಜ್ಞಾನದ್ದು. ಆ ದಾರಿಯಲ್ಲಿ ಎಲ್ಲೆಲ್ಲಿ ಎಡವಬಹುದು ಎಂಬುದನ್ನೂ ನಾವು ನೋಡಬೇಕು.

ಮೊದಲು ಎಣಿಕೆ

ಎರಡು ಸಂಗತಿಗಳ ಸಂಬಂಧ ಹೇಳಬೇಕಾದರೆ ಎರಡನ್ನೂ ಅಳೆಯಬೇಕು. ಕೋವಿಗಳನ್ನು ಎಣಿಸುವುದು ಸುಲಭವಲ್ಲ. ಪರವಾನಗಿ ಇರುವವು ದಾಖಲೆಯಲ್ಲಿ ಸಿಗುತ್ತವೆ. ಕಳ್ಳ ಕೋವಿಗಳು ಸಿಗುವುದಿಲ್ಲ. ಜಿನೀವಾದ 'ಸ್ಮಾಲ್ ಆರ್ಮ್ಸ್ ಸರ್ವೆ' ಸಂಸ್ಥೆ 2018ರಲ್ಲಿ ಪ್ರಕಟಿಸಿದ ಅಂದಾಜಿನಂತೆ 2017ರಲ್ಲಿ ಜಗತ್ತಿನ ನಾಗರಿಕರ ಬಳಿ ಸುಮಾರು 85.7 ಕೋಟಿ ಬಂದೂಕುಗಳಿದ್ದವು. ಅವುಗಳಲ್ಲಿ 39.3 ಕೋಟಿ ಅಮೆರಿಕ ಸಂಯುಕ್ತ ಸಂಸ್ಥಾನ ಒಂದರಲ್ಲಿಯೇ ಇದ್ದವು. ಭಾರತದ ಪಾಲು ಸುಮಾರು 7.1 ಕೋಟಿ, ಇದರಲ್ಲಿ ದಾಖಲೆಯಿರುವವು 97 ಲಕ್ಷ ಮಾತ್ರ. ಅಂದರೆ ನಮ್ಮ ದೇಶದ ಮಟ್ಟಿಗೆ ಏಳರಲ್ಲಿ ಆರಕ್ಕೂ ಹೆಚ್ಚು ಭಾಗ ಅಂದಾಜಿನ ಮೇಲೆಯೇ ನಿಂತಿದೆ.

ಕೊಲೆಗಳ ಎಣಿಕೆ ಇದಕ್ಕಿಂತ ಗಟ್ಟಿ. ಹೆಣವನ್ನು ಬಚ್ಚಿಡುವುದು ಕೋವಿಯನ್ನು ಬಚ್ಚಿಟ್ಟಷ್ಟು ಸುಲಭವಲ್ಲ. ಆದರೆ ಇಲ್ಲಿ ವ್ಯಾಖ್ಯೆಯ ತೊಡಕಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2022ರಲ್ಲಿ ದೇಶದಲ್ಲಿ 28,522 ಕೊಲೆ ಪ್ರಕರಣಗಳನ್ನು ದಾಖಲಿಸಿತು. ಇದು ಲಕ್ಷ ಜನಸಂಖ್ಯೆಗೆ 2.1. ವರದಕ್ಷಿಣೆ ಸಾವುಗಳು ಬೇರೆ ಕಲಮಿನಲ್ಲಿ ಬರುತ್ತವೆ. ಆ ವರ್ಷ ಅವು 6,450. ಇವನ್ನು ಸೇರಿಸಿದರೆ ಪ್ರಮಾಣ 2.5ಕ್ಕೆ ಏರುತ್ತದೆ. ಒಂದು ದೇಶದ ಅಂಕಿಯನ್ನು ಇನ್ನೊಂದರ ಪಕ್ಕ ಇಡುವ ಮೊದಲು ಎರಡೂ ಏನನ್ನು ಎಣಿಸಿವೆ ಎಂದು ಕೇಳಬೇಕಾದದ್ದು ಇದಕ್ಕಾಗಿ.

ಈಗ ಕೆಲವು ದೇಶಗಳ 2017ರ ಅಂಕಿಗಳನ್ನು ನೋಡಿ. ಮೊದಲ ಅಂಕಿ ನೂರು ಜನರಿಗೆ ಇರುವ ಬಂದೂಕುಗಳದು, ಎರಡನೆಯದು ವಿಶ್ವಸಂಸ್ಥೆಯ ಲೆಕ್ಕದ ಪ್ರಕಾರ ಲಕ್ಷ ಜನರಿಗೆ ಕೊಲೆಯಾದವರದು. ಎರಡನ್ನೂ ಸ್ಥೂಲವಾಗಿ ಕೊಟ್ಟಿದೆ.

ಅಮೆರಿಕ ಸಂಯುಕ್ತ ಸಂಸ್ಥಾನ — 120 — 5.3
ಫಿನ್ಲೆಂಡ್ — 32 — 1.2
ಸ್ವಿಟ್ಜರ್ಲೆಂಡ್ — 28 — 0.5
ಹೊಂಡುರಾಸ್ — 14 — 42
ಎಲ್ ಸಾಲ್ವಡೋರ್ — 12 — 62
ಭಾರತ — 5 — 3
ಜಪಾನ್ — 0.3 — 0.2

ಈ ಪಟ್ಟಿಯಿಂದ ನಿಮಗೆ ಬೇಕಾದ ತೀರ್ಮಾನವನ್ನು ಹೊರಡಿಸಬಹುದು. ಅಮೆರಿಕ ಮತ್ತು ಜಪಾನನ್ನು ಆರಿಸಿಕೊಂಡರೆ ಕೋವಿಯೇ ಕೊಲೆಗೆ ಕಾರಣ. ಸ್ವಿಟ್ಜರ್ಲೆಂಡ್ ಮತ್ತು ಎಲ್ ಸಾಲ್ವಡೋರನ್ನು ಆರಿಸಿಕೊಂಡರೆ ಕೋವಿಯೇ ರಕ್ಷಕ. ವಾದಿಸುವವರು ಮಾಡುವುದೂ ಬಹುಮಟ್ಟಿಗೆ ಇದನ್ನೇ. ಜೋಡಿಯನ್ನು ಆರಿಸಿಕೊಂಡಾಗಲೇ ಉತ್ತರವನ್ನೂ ಆರಿಸಿಕೊಂಡಂತೆ.

ಸಂಬಂಧ ಬೇರೆ, ಕಾರಣ ಬೇರೆ

ಎರಡು ಚಲಕಗಳು ಒಟ್ಟಿಗೆ ಏರಿಳಿದರೆ ಅವುಗಳ ನಡುವೆ ಸಹಸಂಬಂಧವಿದೆ ಎನ್ನುತ್ತೇವೆ. ಅದರಿಂದಲೇ ಒಂದು ಇನ್ನೊಂದಕ್ಕೆ ಕಾರಣ ಎಂದು ಹೇಳಲಾಗದು. ಇಲ್ಲಿ ಎರಡು ತೊಡಕುಗಳಿವೆ.

ಒಂದು, ಮೂರನೆಯ ಅಂಶ. ಎಲ್ ಸಾಲ್ವಡೋರಿನ ಕೊಲೆಗಳ ಹಿಂದೆ ಸಶಸ್ತ್ರ ಗ್ಯಾಂಗುಗಳ ಕಾಳಗವಿತ್ತು. 2015ರಲ್ಲಿ ಅಲ್ಲಿನ ಕೊಲೆ ಪ್ರಮಾಣ ಲಕ್ಷಕ್ಕೆ 100ನ್ನು ದಾಟಿತ್ತು. 2022ರಲ್ಲಿ ತುರ್ತು ಪರಿಸ್ಥಿತಿ ಹೇರಿ ಹತ್ತಾರು ಸಾವಿರ ಜನರನ್ನು ಸೆರೆಮನೆಗೆ ಹಾಕಿದ ಬಳಿಕ, ಸರ್ಕಾರಿ ಲೆಕ್ಕದಂತೆ 2023ರಲ್ಲಿ ಅದು 2.4ಕ್ಕೆ ಇಳಿಯಿತು. ಆ ಕ್ರಮ ಸರಿಯೇ ತಪ್ಪೇ ಎಂಬುದು ಬೇರೆಯೇ ಚರ್ಚೆ. ನಮಗೆ ಇಲ್ಲಿ ಮುಖ್ಯವಾದದ್ದು, ದೇಶದಲ್ಲಿದ್ದ ಬಂದೂಕುಗಳ ಸಂಖ್ಯೆ ಆ ಅವಧಿಯಲ್ಲಿ ನಲವತ್ತು ಪಟ್ಟು ಕುಸಿದಿರಲಿಲ್ಲ ಎಂಬುದು. ಗ್ಯಾಂಗು, ಮಾದಕವಸ್ತು ವ್ಯಾಪಾರ, ಆದಾಯದ ಅಂತರ, ಪೊಲೀಸು ಮತ್ತು ನ್ಯಾಯಾಲಯಗಳ ಮೇಲಿನ ವಿಶ್ವಾಸ ಇವೆಲ್ಲ ದೇಶದಿಂದ ದೇಶಕ್ಕೆ ಎಷ್ಟು ಬದಲಾಗುತ್ತವೆಂದರೆ, ಅವುಗಳ ಗದ್ದಲದಲ್ಲಿ ಕೋವಿಯ ಪ್ರಭಾವ ಕೇಳಿಸದೇ ಹೋಗಬಹುದು.

ಎರಡು, ಕಾರ್ಯ ಕಾರಣಗಳು ಅದಲುಬದಲಾಗುವುದು. ಊರಿನಲ್ಲಿ ಕೊಲೆ ಸುಲಿಗೆ ಹೆಚ್ಚಿದರೆ ಹೆದರಿದ ಜನ ಕೋವಿ ಕೊಳ್ಳುತ್ತಾರೆ. ಆಗ ಕೋವಿಯಿಂದ ಕೊಲೆ ಹೆಚ್ಚಿತೋ, ಕೊಲೆಯಿಂದ ಕೋವಿ ಹೆಚ್ಚಿತೋ? ಒಂದೇ ವರ್ಷದ ಅಂಕಿಗಳಿಂದ ಇದನ್ನು ಬಿಡಿಸಲಾಗದು.

ಸಮಾನರ ಹೋಲಿಕೆ

ಗೊಬ್ಬರದ ಪರಿಣಾಮ ತಿಳಿಯಲು ಕರಾವಳಿಯ ಗದ್ದೆಯನ್ನು ಬಯಲುಸೀಮೆಯ ಹೊಲದೊಡನೆ ಹೋಲಿಸುವುದಿಲ್ಲ. ಒಂದೇ ಗದ್ದೆಯ ಎರಡು ಮಡಿಗಳನ್ನು ಹೋಲಿಸುತ್ತೇವೆ. ಅದೇ ರೀತಿ ಒಂದೇ ದೇಶದ ಭಾಗಗಳನ್ನು, ಬಹಳ ವರ್ಷಗಳ ಕಾಲ ಹೋಲಿಸುವುದು ಉತ್ತಮ.

ಮೈಕೆಲ್ ಸೀಗಲ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಹೀಗೆ ಮಾಡಿತು. ಅಮೆರಿಕದ 50 ರಾಜ್ಯಗಳ 1981ರಿಂದ 2010ರವರೆಗಿನ ದಾಖಲೆಗಳನ್ನು ಅವರು ಪರಿಶೀಲಿಸಿದರು. ಪ್ರತಿ ರಾಜ್ಯದಲ್ಲಿ ಎಷ್ಟು ಮನೆಗಳಲ್ಲಿ ಬಂದೂಕು ಇದೆ ಎಂಬ ವಾರ್ಷಿಕ ಗಣತಿ ಇಲ್ಲದ್ದರಿಂದ, ಆತ್ಮಹತ್ಯೆಗಳಲ್ಲಿ ಬಂದೂಕಿನಿಂದಾದವು ಶೇಕಡ ಎಷ್ಟು ಎಂಬುದನ್ನು ಬದಲಿ ಅಳತೆಗೋಲಾಗಿ ಬಳಸಿದರು. ಬಡತನ, ನಗರವಾಸ, ಇತರ ಅಪರಾಧಗಳಂಥ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಬಂದೂಕು ಒಡೆತನ ಶೇಕಡ ಒಂದಂಶ ಹೆಚ್ಚಿದಲ್ಲಿ ಬಂದೂಕಿನ ಕೊಲೆ ಪ್ರಮಾಣ ಶೇಕಡ 0.9ರಷ್ಟು ಹೆಚ್ಚಿದ್ದು ಕಂಡಿತು. ಬಂದೂಕಿಲ್ಲದೆ ನಡೆದ ಕೊಲೆಗಳೊಡನೆ ಇಂಥ ಸಂಬಂಧ ಕಾಣಲಿಲ್ಲ. ಕೋವಿಗಳು ಹೆಚ್ಚಿದಲ್ಲಿ ಜನರೇ ಹೆಚ್ಚು ಕ್ರೂರಿಗಳಾಗಿದ್ದರೆ ಕತ್ತಿಯ ಕೊಲೆಗಳೂ ಹೆಚ್ಚಬೇಕಿತ್ತಲ್ಲವೇ? ಅದೇ ತಂಡದ 2014ರ ಅಧ್ಯಯನದಲ್ಲಿ, ಪರಿಚಿತರೇ ಮಾಡಿದ ಬಂದೂಕಿನ ಕೊಲೆಗಳೊಡನೆ ಸಂಬಂಧ ಕಂಡಿತು. ಅಪರಿಚಿತರು ಮಾಡಿದ ಕೊಲೆಗಳೊಡನೆ ಅಂಥ ಸಂಬಂಧ ಸ್ಪಷ್ಟವಾಗಲಿಲ್ಲ.

ಎದುರು ವಾದವೂ ಇದೆ. ಅರ್ಥಶಾಸ್ತ್ರಜ್ಞ ಜಾನ್ ಲಾಟ್, ಸಜ್ಜನರು ಆಯುಧ ಧರಿಸಿ ಓಡಾಡಲು ಅನುಮತಿ ಕೊಟ್ಟ ರಾಜ್ಯಗಳಲ್ಲಿ ಅಪರಾಧ ಇಳಿಯಿತು ಎಂದು 1998ರಲ್ಲಿ ಪುಸ್ತಕ ಬರೆದರು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ನೇಮಿಸಿದ ಸಮಿತಿ 2004ರಲ್ಲಿ ಈ ಬಗೆಯ ಅಧ್ಯಯನಗಳನ್ನು ಮರುಪರಿಶೀಲಿಸಿತು. ಲೆಕ್ಕದ ಮಾದರಿಯನ್ನು ತುಸು ಬದಲಿಸಿದರೂ ಫಲಿತಾಂಶ ಬದಲಾಗುವುದರಿಂದ, ಆ ಕಾನೂನುಗಳು ಅಪರಾಧವನ್ನು ಹೆಚ್ಚಿಸಿದವೆಂದಾಗಲಿ ತಗ್ಗಿಸಿದವೆಂದಾಗಲಿ ಹೇಳಲು ಪುರಾವೆ ಸಾಲದು ಎಂದಿತು. ವಿಜ್ಞಾನದಲ್ಲಿ 'ಸಾಲದು' ಎಂಬುದೂ ಒಂದು ಉತ್ತರವೇ.

ಕೋವಿ ಇಲ್ಲದಿದ್ದರೆ ಕತ್ತಿ?

'ಕೊಲ್ಲಬೇಕೆಂದವನಿಗೆ ಕೋವಿಯೇ ಬೇಕೆ, ಕತ್ತಿ ಸಾಲದೆ?' ಎಂಬ ಪ್ರಶ್ನೆಯನ್ನು ನೀವು ಕೇಳಿರುತ್ತೀರಿ. ಉತ್ತರ ಕನ್ನಡದ ತೋಟದ ಕೆಲಸಗಾರನ ಸೊಂಟದಲ್ಲಿ ಕತ್ತಿ ಯಾವಾಗಲೂ ಇರುತ್ತದೆ. ಹಾಗಿದ್ದಮೇಲೆ ಕೋವಿ ತೆಗೆದರೆ ಏನು ಬದಲಾಗುತ್ತದೆ?

ಇದನ್ನು ಪರೀಕ್ಷಿಸಿದವರು ಫ್ರಾಂಕ್ಲಿನ್ ಜಿಮ್ರಿಂಗ್. ಷಿಕಾಗೋ ಪೊಲೀಸರ ದಾಖಲೆಗಳನ್ನು ಬಳಸಿ 1968ರಲ್ಲಿ ಅವರು ಬಂದೂಕಿನ ಹಲ್ಲೆಗಳನ್ನು ಚೂರಿಯ ಹಲ್ಲೆಗಳೊಡನೆ ಹೋಲಿಸಿದರು. ಬಹುಪಾಲು ಕೊಲೆಗಳು ಮೊದಲೇ ಯೋಚಿಸಿ ಮಾಡಿದವಾಗಿರದೆ ಜಗಳದ ಬಿಸಿಯಲ್ಲಿ ಆದವಾಗಿದ್ದವು. ಎರಡೂ ಬಗೆಯ ಹಲ್ಲೆಗಳ ಸಂದರ್ಭ ಹೆಚ್ಚುಕಡಿಮೆ ಒಂದೇ. ಆದರೆ ಬಂದೂಕಿನ ಹಲ್ಲೆ ಸಾವಿನಲ್ಲಿ ಮುಗಿಯುವ ಸಂಭವ ಚೂರಿಯ ಹಲ್ಲೆಗಿಂತ ಸುಮಾರು ಐದು ಪಟ್ಟು. ಒಂದೇ ಸಿಟ್ಟು, ಬೇರೆ ಆಯುಧ, ಬೇರೆ ಫಲಿತಾಂಶ.

ಇದರ ಹಿಂದಿನ ಭೌತವಿಜ್ಞಾನ ಸರಳ. 9 ಮಿಲಿಮೀಟರ್ ಪಿಸ್ತೂಲಿನ ಗುಂಡಿನ ತೂಕ ಸುಮಾರು 7.5 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 350 ಮೀಟರ್. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚಲನಶಕ್ತಿ ಸುಮಾರು 460 ಜೂಲ್. ವೇಗದ ಬೌಲರ್ ಎಸೆದ 160 ಗ್ರಾಂ ತೂಕದ ಕ್ರಿಕೆಟ್ ಚೆಂಡು ಸೆಕೆಂಡಿಗೆ 40 ಮೀಟರ್ ವೇಗದಲ್ಲಿ ಬಂದರೆ ಅದರ ಚಲನಶಕ್ತಿ 128 ಜೂಲ್. ಚೆಂಡಿನ ಶಕ್ತಿ ಸುಮಾರು 41 ಚದರ ಸೆಂಟಿಮೀಟರ್ ಅಡ್ಡಕೊಯ್ತದ ಮೇಲೆ ಹರಡಿದರೆ, ಗುಂಡಿನದು 0.64 ಚದರ ಸೆಂಟಿಮೀಟರಿನಲ್ಲಿ ಅಡಕವಾಗಿರುತ್ತದೆ. ಚದರ ಸೆಂಟಿಮೀಟರಿಗೆ ಲೆಕ್ಕ ಹಾಕಿದರೆ ಚೆಂಡಿಗೆ 3 ಜೂಲ್, ಗುಂಡಿಗೆ ಸುಮಾರು 720 ಜೂಲ್. ಚೂರಿ ಹಿಡಿದವನು ಹತ್ತಿರ ಬರಬೇಕು, ತನ್ನ ತೋಳಿನ ಬಲವನ್ನೇ ಬಳಸಬೇಕು. ಎದುರಿದ್ದವನು ಓಡಬಹುದು, ತಡೆಯಬಹುದು, ನಡುವೆ ಯಾರಾದರೂ ಬರಬಹುದು. ಬಂದೂಕು ಈ ಅವಕಾಶಗಳನ್ನೆಲ್ಲ ಒಂದು ಬೆರಳಿನ ಚಲನೆಗೆ ಇಳಿಸುತ್ತದೆ.

ನಮ್ಮ ದೇಶದ 2022ರ ಕೊಲೆ ಪ್ರಕರಣಗಳಲ್ಲಿ 9,962ಕ್ಕೆ ಜಗಳ ತಕರಾರುಗಳೇ ಕಾರಣ ಎಂದು ಬ್ಯೂರೊ ದಾಖಲಿಸಿದೆ. ಇಂಥ ಜಗಳಗಳು ಕೋವಿ ಇರಲಿ ಇಲ್ಲದಿರಲಿ ನಡೆಯುತ್ತವೆ. ಕೈಗೆ ಯಾವ ಆಯುಧ ಸಿಕ್ಕಿತು ಎಂಬುದು ಜಗಳಗಳ ಸಂಖ್ಯೆಯನ್ನು ನಿರ್ಧರಿಸುವುದಿಲ್ಲ. ಅವುಗಳಲ್ಲಿ ಎಷ್ಟು ಸಾವಿಗೆ ಮುಟ್ಟುತ್ತವೆ ಎಂಬುದನ್ನು ನಿರ್ಧರಿಸುತ್ತದೆ.

ಎಂಥ ಕೋವಿ, ಎಲ್ಲಿಟ್ಟ ಕೋವಿ

ಎಲ್ಲ ಕೋವಿಗಳೂ ಒಂದೇ ಅಲ್ಲ. ನಮ್ಮ ರೈತರ ಪರವಾನಗಿಗಳಲ್ಲಿ 'ಎಸ್.ಬಿ.ಎಂ.ಎಲ್.' ಎಂದು ಬರೆದಿರುವುದನ್ನು ನೀವು ಕಂಡಿರಬಹುದು. ಇದು ಒಂಟಿ ನಳಿಗೆಯ, ಬಾಯಿಯಿಂದ ಮದ್ದು ತುಂಬುವ ಕೋವಿ. ನಳಿಗೆಗೆ ಮದ್ದು ಸುರಿದು, ಮೇಲೆ ನಾರು ಅಥವಾ ಚಿಂದಿ ತುರುಕಿ, ಚರೆ ಹಾಕಿ, ಗಜದಿಂದ ಜಡಿದು, ಕೇಪು ಇಟ್ಟ ಮೇಲೆ ಒಂದು ಈಡು. ಮತ್ತೊಂದು ಈಡಿಗೆ ಎಲ್ಲವೂ ಮೊದಲಿನಿಂದ. ಉದ್ದನೆಯ ಈ ಕೋವಿಯನ್ನು ಅಂಗಿಯೊಳಗೆ ಬಚ್ಚಿಟ್ಟು ಸಂತೆಗೆ ಹೋಗಲಾಗದು. ಜೇಬಿನಲ್ಲಿ ಅಡಗುವ, ಕ್ಷಣದಲ್ಲಿ ಹತ್ತು ಗುಂಡು ಹಾರಿಸುವ ಪಿಸ್ತೂಲನ್ನೂ ಇದನ್ನೂ 'ಒಂದು ಬಂದೂಕು' ಎಂದೇ ಎಣಿಸುವ ಪಟ್ಟಿ ಮುಖ್ಯ ವ್ಯತ್ಯಾಸವನ್ನೇ ಅಳಿಸಿಹಾಕುತ್ತದೆ. ಆದರೆ ಹಂದಿಯೆಂದು ತಿಳಿದು ಮನುಷ್ಯನಿಗೆ ಹಾರಿದ ಈಡು, ತುಂಬಿಟ್ಟ ಕೋವಿ ಮಕ್ಕಳ ಕೈಗೆ ಸಿಕ್ಕಿ ಆದ ಅನಾಹುತ ಇವು ಯಾವ ಕೋವಿಯಿಂದಲೂ ಆಗಬಹುದು. ಇವು ಕೊಲೆಯ ಪಟ್ಟಿಯಲ್ಲಿ ಬರುವುದಿಲ್ಲ ಅಷ್ಟೆ.

ಎಲ್ಲಿಡುತ್ತಾರೆ ಎಂಬುದೂ ಮುಖ್ಯ. ಇಸ್ರೇಲಿನಲ್ಲಿ ಯುವ ಸೈನಿಕರು ವಾರಾಂತ್ಯಕ್ಕೆ ಮನೆಗೆ ಹೋಗುವಾಗ ಆಯುಧವನ್ನು ನೆಲೆಯಲ್ಲಿಯೇ ಬಿಟ್ಟು ಹೋಗಬೇಕೆಂದು 2006ರಲ್ಲಿ ನಿಯಮ ಮಾಡಲಾಯಿತು. ಆ ಬಳಿಕ ಅವರ ಆತ್ಮಹತ್ಯೆ ಪ್ರಮಾಣ ಸುಮಾರು ಶೇಕಡ 40 ಇಳಿಯಿತು. ಇಳಿಕೆ ಮುಖ್ಯವಾಗಿ ವಾರಾಂತ್ಯಗಳದೇ ಆಗಿತ್ತು. ಸೈನಿಕರ ಮನಸ್ಸಿನ ಸಂಕಟ ಬದಲಾಗಿರಲಿಲ್ಲ, ಸಂಕಟದ ಗಳಿಗೆಯಲ್ಲಿ ಆಯುಧ ಕೈಗೆಟುಕುವ ದೂರ ಬದಲಾಗಿತ್ತು. ಅಮೆರಿಕದಲ್ಲಿ 2021ರಲ್ಲಿ ಬಂದೂಕಿನಿಂದ ಸತ್ತ 48,830 ಜನರಲ್ಲಿ 26,328 ಜನರದು ಆತ್ಮಹತ್ಯೆ, 20,958 ಜನರದು ಕೊಲೆ. ಕೊಲೆ ಪ್ರಮಾಣವನ್ನಷ್ಟೇ ನೋಡಿ ಕೋವಿಯ ಅಪಾಯವನ್ನು ತೂಗಿದರೆ ಅರ್ಧಕ್ಕಿಂತ ದೊಡ್ಡ ಭಾಗ ಲೆಕ್ಕದಿಂದ ತಪ್ಪಿಹೋಗುತ್ತದೆ.

ಆಸ್ಟ್ರೇಲಿಯದ ಉದಾಹರಣೆಯನ್ನು ಎರಡೂ ಕಡೆಯವರು ಕೊಡುತ್ತಾರೆ. 1996ರ ಏಪ್ರಿಲಿನಲ್ಲಿ ಪೋರ್ಟ್ ಆರ್ಥರಿನಲ್ಲಿ ಒಬ್ಬನೇ 35 ಜನರನ್ನು ಕೊಂದ ಮೇಲೆ ಅಲ್ಲಿನ ಸರ್ಕಾರ ಕಾನೂನು ಬಿಗಿಗೊಳಿಸಿ, ಸುಮಾರು 6,50,000 ಬಂದೂಕುಗಳನ್ನು ಜನರಿಂದ ಮರಳಿ ಕೊಂಡು ನಾಶ ಮಾಡಿತು. ಬಂದೂಕಿನ ಸಾವುಗಳು ಇಳಿದವು. ಆದರೆ ಇಳಿಕೆ 1996ಕ್ಕೆ ಮೊದಲೇ ಪ್ರಾರಂಭವಾಗಿತ್ತು. ಬಂದೂಕಿನ ಆತ್ಮಹತ್ಯೆಗಳಲ್ಲಿ ಇಳಿಕೆ ಚುರುಕಾದದ್ದು ಹೆಚ್ಚು ಸ್ಪಷ್ಟ. ಕೊಲೆಗಳ ಇಳಿಕೆಯಲ್ಲಿ ಕಾನೂನಿನ ಪಾಲೆಷ್ಟು ಎಂಬುದರ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ.

ಕೊಡಗಿನ ಪ್ರಶ್ನೆ

ಕರ್ನಾಟಕದಲ್ಲಿ ಈ ಮಾತು ಬಂದಾಗಲೆಲ್ಲ ಕೊಡಗಿನ ಹೆಸರು ಬರುತ್ತದೆ. 1857ರ ದಂಗೆಯ ನಂತರ ಬ್ರಿಟಿಷರು ಜನರ ಆಯುಧಗಳನ್ನು ಕಿತ್ತುಕೊಳ್ಳುವ ಕಾಯಿದೆ ತಂದಾಗ, 1861ರಲ್ಲಿ ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಅದರಿಂದ ಹೊರಗಿಟ್ಟರು. ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆಯಡಿಯಲ್ಲಿಯೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯ ವಿನಾಯಿತಿ 1963ರಿಂದ ಮುಂದುವರಿಯಿತು. ಕೇಂದ್ರ ಸರ್ಕಾರ 2019ರ ಅಕ್ಟೋಬರಿನಲ್ಲಿ ಇದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಅಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ. ಹುಟ್ಟಿಗೂ ಸಾವಿಗೂ ಈಡು ಹಾರಿಸಿ ಊರಿಗೆ ತಿಳಿಸುವ ಸಂಪ್ರದಾಯ.

'ಮನೆಮನೆಗೆ ಕೋವಿಯಿದ್ದರೂ ಕೊಡಗು ಶಾಂತವಾಗಿದೆ, ಆದ್ದರಿಂದ ಕೋವಿಗೂ ಕೊಲೆಗೂ ಸಂಬಂಧವಿಲ್ಲ' ಎಂಬ ವಾದವನ್ನು ಪರೀಕ್ಷಿಸುವುದು ಹೇಗೆ? ಇಲ್ಲಿ ಸಣ್ಣ ಸಂಖ್ಯೆಗಳ ತೊಡಕು ಎದುರಾಗುತ್ತದೆ. 2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ 5,54,519. ರಾಷ್ಟ್ರದ ಸರಾಸರಿ 2.1ರಂತೆ ಅಲ್ಲಿ ವರ್ಷಕ್ಕೆ ಸುಮಾರು 12 ಕೊಲೆಗಳನ್ನು ನಿರೀಕ್ಷಿಸಬೇಕು. ಇಂಥ ಬಿಡಿ ಘಟನೆಗಳ ಎಣಿಕೆಯಲ್ಲಿ ಮಾನಕ ವಿಚಲನೆ ಸರಾಸರಿಯ ವರ್ಗಮೂಲದಷ್ಟು. ಇಲ್ಲಿ ಸುಮಾರು 3.4. ಎರಡು ಮಾನಕ ವಿಚಲನೆ ಹಿಡಿದರೆ, ಏನೂ ವಿಶೇಷವಿಲ್ಲದೆಯೇ ಒಂದು ವರ್ಷ 5, ಇನ್ನೊಂದು ವರ್ಷ 18 ಕೊಲೆಗಳು ಆಗಬಹುದು. ಒಂದು ವರ್ಷದ ಅಂಕಿ ತೋರಿಸಿ ಕೊಡಗು ಶಾಂತ ಎನ್ನುವುದೂ ಅಶಾಂತ ಎನ್ನುವುದೂ ವ್ಯರ್ಥ. ಹತ್ತು ವರ್ಷಗಳನ್ನು ಕೂಡಿಸಿದರೆ ನಿರೀಕ್ಷೆ 116, ಏರುಪೇರು 22ರ ಆಸುಪಾಸು. ಆಗ ಶೇಕಡ 20ರಷ್ಟು ಅಂತರವಿದ್ದರೆ ಕಾಣತೊಡಗುತ್ತದೆ.

ಎರಡು ಸಾವಿರ ಜನರ ಒಂದು ಹಳ್ಳಿಯನ್ನು ಊಹಿಸಿಕೊಳ್ಳಿ. ಅಲ್ಲಿ ಒಂದೇ ಕೊಲೆಯಾದರೂ ಆ ವರ್ಷದ ಪ್ರಮಾಣ ಲಕ್ಷಕ್ಕೆ 50; ಮರುವರ್ಷ ಸೊನ್ನೆ. ಸುಂಕಸಾಳದಂಥ ಊರಿಗೆ 'ಕೊಲೆ ಪ್ರಮಾಣ' ಎಂಬುದಕ್ಕೆ ಅರ್ಥವೇ ಇಲ್ಲದಿರುವುದು ಇದರಿಂದ.

ಕೊಡಗಿನ ವಾದವನ್ನು ಸರಿಯಾಗಿ ಪರೀಕ್ಷಿಸಬೇಕಾದರೆ ಕಾಫಿ ಬೆಳೆಯುವ ನೆರೆಯ ಚಿಕ್ಕಮಗಳೂರು, ಹಾಸನದ ಮಲೆನಾಡು ತಾಲ್ಲೂಕುಗಳೊಡನೆ ಹತ್ತಾರು ವರ್ಷಗಳ ಹೋಲಿಕೆ ಬೇಕು. ಕೋವಿಯ ಕೊಲೆ, ಕೋವಿಯಿಲ್ಲದ ಕೊಲೆ, ಆತ್ಮಹತ್ಯೆ, ಆಕಸ್ಮಿಕ ಸಾವು ಇವನ್ನು ಬೇರೆಬೇರೆಯಾಗಿ ಎಣಿಸಬೇಕು. ಒಟ್ಟು ಕೊಲೆಗಳು ಕಡಿಮೆಯಿದ್ದೂ ಅವುಗಳಲ್ಲಿ ಕೋವಿಯ ಪಾಲು ಹೆಚ್ಚಿರುವುದು ಸಾಧ್ಯ. ಹಾಗಿದ್ದಲ್ಲಿ ಸಮಾಜ ಶಾಂತವೂ ಹೌದು, ಕೋವಿ ಅಪಾಯಕಾರಿಯೂ ಹೌದು. ಒಂದು ಇನ್ನೊಂದನ್ನು ಸುಳ್ಳಾಗಿಸುವುದಿಲ್ಲ.

ಠಾಣೆಯ ದಾಖಲೆಯಲ್ಲೊಂದು ಪ್ರಯೋಗ

ಈಗ ಚುನಾವಣೆಯ ಠೇವಣಿಗೆ ಬರೋಣ. ಮನೆಗಳಿಂದ ಕೋವಿಗಳನ್ನು ತೆಗೆದು ಏನಾಗುತ್ತದೆ ನೋಡಿ ಎಂದರೆ ಯಾರೂ ಒಪ್ಪುವುದಿಲ್ಲ. ಆದರೆ ಕರ್ನಾಟಕದಲ್ಲಿ 2013, 2014, 2018, 2019, 2023, 2024ರ ವಿಧಾನಸಭೆ ಮತ್ತು ಲೋಕಸಭೆ ಚುನಾವಣೆಗಳು ಈ ಪ್ರಯೋಗಕ್ಕೆ ಅವಕಾಶ ಒದಗಿಸಿವೆ. ಚುನಾವಣೆಯ ದಿನಾಂಕ ಯಾವ ಊರಿನ ಜಗಳವನ್ನೂ ನೋಡಿ ನಿಗದಿಯಾಗುವುದಿಲ್ಲ. ಹಾಗಾಗಿ ಕೊಲೆ ಹೆಚ್ಚಿದ್ದರಿಂದ ಕೋವಿಯ ಸಂಖ್ಯೆ ಬದಲಾಯಿತೋ ಎಂಬ ಹಿಂದುಮುಂದಿನ ತೊಡಕು ಇಲ್ಲಿಲ್ಲ.

ಕರಾವಳಿ, ಮಲೆನಾಡಿನ ಎಲ್ಲ ತಾಲ್ಲೂಕುಗಳಲ್ಲಿ ಠೇವಣಿಯ ತಿಂಗಳುಗಳ ಕೋವಿ ಗಾಯ, ಸಾವುಗಳನ್ನು ಚುನಾವಣೆಯಿಲ್ಲದ ವರ್ಷಗಳ ಅದೇ ತಿಂಗಳುಗಳೊಡನೆ ಹೋಲಿಸಬಹುದು. ಚುನಾವಣೆಯ ಕಾಲದಲ್ಲಿ ಪೊಲೀಸ್ ಕಾವಲೂ ಮದ್ಯದ ತಪಾಸಣೆಯೂ ಹೆಚ್ಚುವುದರಿಂದ, ಕೋವಿಯಿಲ್ಲದ ಹಲ್ಲೆಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಎರಡೂ ಸಮನಾಗಿ ಇಳಿದಿದ್ದರೆ ಅದು ಕಾವಲಿನ ಫಲ. ಕೋವಿಯವು ಮಾತ್ರ ಇಳಿದಿದ್ದರೆ ಠೇವಣಿಯ ಫಲ. ಜೊತೆಗೆ ಅರಣ್ಯ ಇಲಾಖೆಗೆ ಬಂದ ಬೆಳೆ ಹಾನಿ ಅರ್ಜಿಗಳನ್ನೂ ಅದೇ ತಿಂಗಳುಗಳಿಗೆ ಎಣಿಸಿದರೆ, ರೈತನ ನಷ್ಟವೂ ತಕ್ಕಡಿಯ ಇನ್ನೊಂದು ತಟ್ಟೆಗೆ ಬರುತ್ತದೆ.

ಶಿಕ್ಷಕರು ಇದರ ಒಂದು ತುಣುಕನ್ನು ತರಗತಿಯಲ್ಲಿ ಮಾಡಿಸಬಹುದು. ಬ್ಯೂರೊ ಪ್ರಕಟಿಸುವ ಜಿಲ್ಲಾವಾರು ಕೊಲೆಗಳ ಪಟ್ಟಿ ತೆಗೆದುಕೊಳ್ಳಿ. ಉತ್ತರ ಕನ್ನಡದ 2011ರ ಜನಸಂಖ್ಯೆ 14,37,169; ರಾಷ್ಟ್ರದ ಸರಾಸರಿಯಂತೆ ವರ್ಷಕ್ಕೆ ಸುಮಾರು 30 ಕೊಲೆಗಳ ನಿರೀಕ್ಷೆ, ಏರುಪೇರು 19ರಿಂದ 41. ನಿಮ್ಮ ಜಿಲ್ಲೆಗೆ ಇದೇ ಲೆಕ್ಕ ಹಾಕಿಸಿ, ದಾಖಲಾದ ಅಂಕಿ ಆ ಪಟ್ಟಿಯೊಳಗೆ ಬೀಳುತ್ತದೆಯೇ ನೋಡಿಸಿ. 'ಕೊಲೆಗಳು ಶೇಕಡ 30 ಹೆಚ್ಚಳ' ಎಂಬ ಸುದ್ದಿಯನ್ನು ಓದುವ ರೀತಿಯೇ ಆಮೇಲೆ ಬದಲಾಗುತ್ತದೆ.

ಮೊದಲಿನ ಪ್ರಶ್ನೆಗೆ ಇಂದಿನ ತಿಳಿವಳಿಕೆಯ ಉತ್ತರ ಹೀಗೆ. ಒಂದು ದೇಶದಲ್ಲಿ ಎಷ್ಟು ಕೋವಿಗಳಿವೆ ಎಂಬ ಸಂಖ್ಯೆಯಿಂದಷ್ಟೇ ಅಲ್ಲಿ ಎಷ್ಟು ಕೊಲೆಗಳಾಗುತ್ತವೆ ಎಂದು ಹೇಳಲಾಗದು. ಜನ ಏಕೆ ಹೊಡೆದಾಡುತ್ತಾರೆ ಎಂಬುದಕ್ಕೆ ಕಾರಣಗಳು ಬೇರೆ. ಆದರೆ ಉಳಿದದ್ದೆಲ್ಲ ಸಮನಾಗಿದ್ದಾಗ, ಕೈಗೆ ಸುಲಭವಾಗಿ ಸಿಗುವ ಕೋವಿ ಹೊಡೆದಾಟವನ್ನು ಸಾವಿನತ್ತ ವಾಲಿಸುತ್ತದೆ. ಆದ್ದರಿಂದ ಕೋವಿ ಬೇಕೇ ಬೇಡವೇ ಎಂದು ಕೇಳಿ ನಿಲ್ಲಿಸಿದರೆ ಸಾಲದು. ಯಾವ ಬಗೆಯದು, ಯಾರ ಕೈಯಲ್ಲಿ, ಎಲ್ಲಿ ಬೀಗ ಹಾಕಿಟ್ಟದ್ದು, ಮದ್ದು ತೋಟಾ ಅದರ ಜೊತೆಯಲ್ಲಿಯೇ ಇದೆಯೇ ಎಂದೂ ಕೇಳಬೇಕು. ಕಾಡಂಚಿನ ತೋಟದ ಮನೆಯಲ್ಲಿ ಈ ಪ್ರಶ್ನೆಗಳಿಗೆ ಉತ್ತರಿಸಲು ಚುನಾವಣೆಯವರೆಗೆ ಕಾಯಬೇಕಾಗಿಲ್ಲ.